ಗೆದ್ದರಷ್ಟೇ ಸಾಲದು, ಮನೆಮನೆಯಲ್ಲೂ ಕಾಸು ಬಿಚ್ಚಿಸಬೇಕು: ಹೆವಿವೇಟ್ ಬಾಕ್ಸಿಂಗ್‌ನ ಪೇ-ಪರ್-ವ್ಯೂ ಲೆಕ್ಕಾಚಾರ

1997ರ ಜೂನ್ 28ರ ರಾತ್ರಿ ಲಾಸ್ ವೇಗಾಸ್‌ನಲ್ಲಿ ಮೈಕ್ ಟೈಸನ್ ಎದುರಾಳಿ ಇವಾಂಡರ್ ಹೋಲಿಫೀಲ್ಡ್ ಅವರ ಕಿವಿ ಕಚ್ಚಿದ್ದು ಬಾಕ್ಸಿಂಗ್ ನೋಡದವರಿಗೂ ಗೊತ್ತು. ಆ ಪಂದ್ಯದ ಹಿಂದಿನ ಲೆಕ್ಕ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಮೂರನೇ ಸುತ್ತಿಗೇ ಮುಗಿದುಹೋದ ಅದನ್ನು ನೋಡಲು ಅಮೆರಿಕದ ಸುಮಾರು 19.9 ಲಕ್ಷ ಮನೆಗಳವರು ತಲಾ 50 ಡಾಲರ್‌ನಷ್ಟು ತೆತ್ತಿದ್ದರು. ಒಟ್ಟು ಹೆಚ್ಚುಕಮ್ಮಿ 10 ಕೋಟಿ ಡಾಲರ್! ಟೈಸನ್‌ಗೆ 3 ಕೋಟಿ, ಹೋಲಿಫೀಲ್ಡ್‌ಗೆ 3.5 ಕೋಟಿ ಡಾಲರ್ ಸಂಭಾವನೆ.

ಇಷ್ಟು ಜನ ಹಣ ಕೊಟ್ಟು ನೋಡುವಂಥದ್ದು ಒಬ್ಬ ಬಾಕ್ಸರ್‌ನಲ್ಲಿ ಏನಿರುತ್ತದೆ? ಒಳ್ಳೆಯ ಆಟಗಾರನಾಗಿದ್ದರೆ ಸಾಕು ಎಂದುಕೊಂಡರೆ ಅದು ತಪ್ಪು.

ಮೊದಲು ವ್ಯವಸ್ಥೆ ಹೇಗೆ ನಡೆಯುತ್ತದೆ ನೋಡೋಣ. ಪೇ-ಪರ್-ವ್ಯೂ ಎಂದರೆ ತಿಂಗಳ ಚಂದಾ ಅಲ್ಲ, ಒಂದೇ ಕಾರ್ಯಕ್ರಮಕ್ಕೆ ಕೊಡುವ ಹಣ. ನಮ್ಮ ಡಿಟಿಎಚ್‌ನಲ್ಲಿ ಹೊಸ ಸಿನಿಮಾಕ್ಕೆ ಪ್ರತ್ಯೇಕ ದುಡ್ಡು ಕಟ್ಟುವಂತೆ. ಅಮೆರಿಕದಲ್ಲಿ ಹೀಗೆ ಬಂದ ಹಣದಲ್ಲಿ ಸುಮಾರು ಅರ್ಧ ಕೇಬಲ್ ಕಂಪನಿಗಳ ಪಾಲು. ಉಳಿದದ್ದು ಚಾನೆಲ್, ಪ್ರಾಯೋಜಕ ಹಾಗೂ ಬಾಕ್ಸರ್‌ಗಳ ನಡುವೆ ಒಪ್ಪಂದದಂತೆ ಹಂಚಿಕೆಯಾಗುತ್ತದೆ. ಆಟದ ಸೂಕ್ಷ್ಮ ಬಲ್ಲವರು ಎಲ್ಲಿದ್ದರೂ ಕೆಲವು ಲಕ್ಷ ಮಂದಿಯಷ್ಟೇ. ಮಾರಾಟ ಹತ್ತು ಲಕ್ಷ ದಾಟಬೇಕಾದರೆ ವರ್ಷಕ್ಕೆ ಒಂದೇ ಪಂದ್ಯ ನೋಡುವವರು, ಜಾಬ್ ಯಾವುದು ಹುಕ್ ಯಾವುದು ತಿಳಿಯದವರು, ಹತ್ತು ಜನ ಗೆಳೆಯರನ್ನು ಮನೆಗೆ ಕರೆದು ಪಾರ್ಟಿ ಮಾಡುವವರು ಕೊಳ್ಳಬೇಕು. ಅವರಿಗೆ ಬೇಕಿರುವುದು ತಂತ್ರಗಾರಿಕೆಯಲ್ಲ, ಏನಾಗಿಬಿಡುತ್ತದೋ ಎಂಬ ಕುತೂಹಲ.

ಈ ಕುತೂಹಲ ಹುಟ್ಟಿಸುವುದು ಹೆವಿವೇಟ್‌ಗಳಿಗೆ ಸುಲಭ. 200 ಪೌಂಡ್, ಅಂದರೆ ಸುಮಾರು 90 ಕೆ.ಜಿ. ಮೀರಿದ ಇಬ್ಬರು ರಿಂಗ್‌ಗೆ ಇಳಿದಾಗ ಒಂದೇ ಹೊಡೆತಕ್ಕೆ ಆಟ ಮುಗಿಯಬಹುದು. ಸೋಲುತ್ತಿರುವವನಿಗೂ ಕೊನೆಯ ಸುತ್ತಿನವರೆಗೆ ಅವಕಾಶ ಇರುತ್ತದೆ. ಟೈಸನ್ 1986ರಲ್ಲಿ 20ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದವರು. 1988ರಲ್ಲಿ ಮೈಕಲ್ ಸ್ಪಿಂಕ್ಸ್ ಅವರನ್ನು ಕೆಡವಲು ಅವರಿಗೆ ಬೇಕಾಗಿದ್ದು 91 ಸೆಕೆಂಡ್. ಕೊಟ್ಟ ಕಾಸಿಗೆ ಆಟ ಸಿಗಲಿಲ್ಲ ಎಂದು ಜನ ಗೊಣಗಬೇಕಿತ್ತು, ಅಲ್ಲವೇ? ಆದದ್ದು ಉಲ್ಟಾ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ ಎನ್ನುವುದೇ ಟೈಸನ್ ಪಂದ್ಯಗಳ ಜಾಹೀರಾತಾಯಿತು.

ಎರಡನೆಯದು, ಮುಜುಗರದ್ದು. ಒಬ್ಬ ಸೋಲುವುದನ್ನು ನೋಡಲೂ ಜನ ಹಣ ಕೊಡುತ್ತಾರೆ. ಮಹಮ್ಮದ್ ಅಲಿ ಈ ಗುಟ್ಟನ್ನು ಕಲಿತದ್ದು ಗಾರ್ಜಿಯಸ್ ಜಾರ್ಜ್ ಎಂಬ ಕುಸ್ತಿಪಟುವಿನಿಂದ. ಆತ ಜಂಬ ಕೊಚ್ಚಿಕೊಂಡಷ್ಟೂ ಅವನ ಸೋಲು ನೋಡಲು ಟಿಕೆಟ್ ಖರ್ಚಾಗುತ್ತಿತ್ತು. ಅಲಿಯದು ಬಾಯಿಮಾತಿನ ಆಟವಾಗಿತ್ತು. ಟೈಸನ್ ವಿಷಯದಲ್ಲಿ ಅದು ಬೇರೆ ಮಟ್ಟಕ್ಕೆ ಹೋಯಿತು. 1992ರಲ್ಲಿ ಅತ್ಯಾಚಾರ ಪ್ರಕರಣದಲ್ಲಿ ಜೈಲು ಸೇರಿದ ಅವರು 1995ರ ಮಾರ್ಚ್‌ನಲ್ಲಿ ಹೊರಬಂದರು. ಆಗಸ್ಟ್‌ನಲ್ಲಿ ಪೀಟರ್ ಮೆಕ್‌ನೀಲಿ ಎಂಬ ಅಷ್ಟೇನೂ ಹೆಸರಿಲ್ಲದ ಬಾಕ್ಸರ್ ಜತೆ ಪಂದ್ಯ ಏರ್ಪಾಡಾಯಿತು. 89ನೇ ಸೆಕೆಂಡಿಗೆ ಮೆಕ್‌ನೀಲಿಯ ಮ್ಯಾನೇಜರ್ ರಿಂಗ್‌ಗೆ ಬಂದುಬಿಟ್ಟರು, ಪಂದ್ಯ ಅಲ್ಲಿಗೇ ಮುಗಿಯಿತು. ಆದರೂ ಸುಮಾರು 15 ಲಕ್ಷ ಮನೆಗಳಲ್ಲಿ ಅದು ಮಾರಾಟವಾಗಿತ್ತು. ಜೈಲುವಾಸವನ್ನೂ ಪೋಸ್ಟರ್‌ನ ಭಾಗವಾಗಿಸಿದ ಆ ವ್ಯಾಪಾರವನ್ನು ಮೆಚ್ಚಲು ಸಾಧ್ಯವಿಲ್ಲ. ಆದರೆ ಅದು ಕೆಲಸ ಮಾಡಿತು ಎನ್ನುವುದನ್ನು ಮರೆಮಾಚಲೂ ಆಗದು.

ಭಯ ಹುಟ್ಟಿಸಿಯೇ ಮಾರಬೇಕೆಂದಿಲ್ಲ. 1991ರ ಏಪ್ರಿಲ್‌ನಲ್ಲಿ ಹೋಲಿಫೀಲ್ಡ್ ವಿರುದ್ಧ ನಿಂತ ಜಾರ್ಜ್ ಫೋರ್‌ಮನ್‌ಗೆ 42 ವರ್ಷ. ಹತ್ತು ವರ್ಷ ಆಟ ಬಿಟ್ಟು ಚರ್ಚ್‌ನಲ್ಲಿ ಬೋಧಕರಾಗಿದ್ದವರು, ಬೋಳುತಲೆ, ದಪ್ಪ ಹೊಟ್ಟೆ, ತಮ್ಮನ್ನೇ ತಾವು ಗೇಲಿ ಮಾಡಿಕೊಳ್ಳುವ ನಗೆಮಾತು. ಸುಮಾರು 14 ಲಕ್ಷ ಮನೆಗಳು ಕೊಂಡವು. ಫೋರ್‌ಮನ್ ಅಂಕಗಳಲ್ಲಿ ಸೋತರೂ 12 ಸುತ್ತು ನಿಂತರು. ನಡುವಯಸ್ಸಿನವರೆಲ್ಲ ಅವರಲ್ಲಿ ತಮ್ಮನ್ನೇ ಕಂಡಿದ್ದರು.

ಅಂದಹಾಗೆ, ಗೆಲುವಿನ ಪಟ್ಟಿ ಎಷ್ಟು ಉದ್ದವಿದ್ದರೂ ಸಾಲದು ಎನ್ನುವುದಕ್ಕೆ ವ್ಲಾದಿಮಿರ್ ಕ್ಲಿಚ್ಕೊ ಸಾಕ್ಷಿ. 2006ರಿಂದ 2015ರವರೆಗೆ ಅವರನ್ನು ಅಲುಗಾಡಿಸುವವರೇ ಇರಲಿಲ್ಲ. ಜರ್ಮನಿಯಲ್ಲಿ ಫುಟ್‌ಬಾಲ್ ಸ್ಟೇಡಿಯಂಗಳು ತುಂಬುತ್ತಿದ್ದವು, ಅಲ್ಲಿನ ಉಚಿತ ಚಾನೆಲ್‌ನಲ್ಲಿ ಕೋಟಿಗಟ್ಟಲೆ ಜನ ನೋಡುತ್ತಿದ್ದರು. ಅಮೆರಿಕದಲ್ಲಿ ಮಾತ್ರ ಕೊಳ್ಳುವವರಿಲ್ಲ. ಉಕ್ರೇನ್‌ನ ಈ ಸಭ್ಯ ಮನುಷ್ಯ ಉದ್ದ ಕೈಯಿಂದ ಜಾಬ್ ಕೊಡುತ್ತ, ಅಪಾಯಕ್ಕೆ ಒಡ್ಡಿಕೊಳ್ಳದೆ ಗೆಲ್ಲುತ್ತಿದ್ದರು. 2008ರಲ್ಲಿ ನ್ಯೂಯಾರ್ಕ್‌ನಲ್ಲಿ ಸುಲ್ತಾನ್ ಇಬ್ರಾಗಿಮೊವ್ ಅವರನ್ನು ಹಾಗೆಯೇ ಸೋಲಿಸಿದಾಗ ಪ್ರೇಕ್ಷಕರು ಕೂಗಾಡಿದರು. ಅದೇ ಕ್ಲಿಚ್ಕೊ 41ನೇ ವಯಸ್ಸಿನಲ್ಲಿ, 2017ರ ಏಪ್ರಿಲ್‌ನಲ್ಲಿ ಲಂಡನ್ನಿನ ವೆಂಬ್ಲಿಗೆ ಬಂದಾಗ 90 ಸಾವಿರ ಜನ ಸೇರಿದ್ದರು. ಕಾರಣ ಎದುರಾಳಿ ಆಂಟನಿ ಜೋಶುವಾ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮನೆಮಗ. ಇಬ್ಬರೂ ಒಮ್ಮೆ ನೆಲಕ್ಕೆ ಬಿದ್ದೆದ್ದ ಮೇಲೆ 11ನೇ ಸುತ್ತಿನಲ್ಲಿ ಜೋಶುವಾ ಗೆದ್ದರು. ಕ್ಲಿಚ್ಕೊ ವೃತ್ತಿಜೀವನದಲ್ಲಿ ಜನ ಇಂದಿಗೂ ನೆನೆಯುವುದು ಅವರು ಸೋತ ಈ ಪಂದ್ಯವನ್ನೇ.

ಕೆಲವೊಮ್ಮೆ ಒಂದು ಪಂದ್ಯವೇ ಮುಂದಿನದಕ್ಕೆ ಜಾಹೀರಾತು. ಟೈಸನ್ ಫ್ಯೂರಿ ಮತ್ತು ಡಿಯಾಂಟೆ ವೈಲ್ಡರ್ ನಡುವಿನ 2018ರ ಮೊದಲ ಪಂದ್ಯಕ್ಕೆ ಅಮೆರಿಕದಲ್ಲಿ ಸಿಕ್ಕವರು ಮೂರು ಲಕ್ಷದ ಆಸುಪಾಸು. ಕೊನೆಯ ಸುತ್ತಿನಲ್ಲಿ ವೈಲ್ಡರ್ ಹೊಡೆತಕ್ಕೆ ಮಲಗಿಬಿಟ್ಟ ಫ್ಯೂರಿ ಇನ್ನು ಏಳಲಾರರು ಎನ್ನುವಷ್ಟರಲ್ಲಿ ಎದ್ದು ನಿಂತರು, ಪಂದ್ಯ ಡ್ರಾ ಆಯಿತು. ಆ ದೃಶ್ಯ ಫೋನಿಂದ ಫೋನಿಗೆ ಹರಿದಾಡಿತು. 2020ರ ಮರುಪಂದ್ಯವನ್ನು ಎಂಟು ಲಕ್ಷಕ್ಕೂ ಹೆಚ್ಚು ಜನ ಕೊಂಡರು.

ಇಷ್ಟೆಲ್ಲ ಹಣ ತಂದವನ ಕೈಯಲ್ಲಿ ಉಳಿಯುವುದೆಷ್ಟು? 2002ರ ಜೂನ್‌ನಲ್ಲಿ ಮೆಂಫಿಸ್‌ನಲ್ಲಿ ಟೈಸನ್ ಲೆನಾಕ್ಸ್ ಲೂಯಿಸ್‌ಗೆ ಎಂಟನೇ ಸುತ್ತಿನಲ್ಲಿ ಸೋತರು. ಅದಕ್ಕೂ ಮುನ್ನ ಪತ್ರಿಕಾಗೋಷ್ಠಿಯಲ್ಲೇ ಹೊಡೆದಾಟವಾಗಿ, ಲೂಯಿಸ್ ಕಾಲನ್ನು ಕಚ್ಚಿ, ನೆವಾಡಾದಲ್ಲಿ ಲೈಸೆನ್ಸ್ ಸಿಗದೆ ಪಂದ್ಯವನ್ನೇ ಬೇರೆ ರಾಜ್ಯಕ್ಕೆ ಒಯ್ಯಬೇಕಾಗಿತ್ತು. ಟೈಸನ್ ಆಟ ಮುಗಿದಿದೆ ಎಂದು ಬಲ್ಲವರಿಗೆ ಆಗಲೇ ಗೊತ್ತಿತ್ತು. ಆದರೂ ಆದಾಯ 10 ಕೋಟಿ ಡಾಲರ್ ದಾಟಿತು. ಮರುವರ್ಷ, 2003ರ ಆಗಸ್ಟ್‌ನಲ್ಲಿ ಟೈಸನ್ ದಿವಾಳಿ ಅರ್ಜಿ ಹಾಕಿದರು. ವೃತ್ತಿಜೀವನದಲ್ಲಿ 30 ಕೋಟಿ ಡಾಲರ್‌ಗೂ ಹೆಚ್ಚು ದುಡಿದವರ ತಲೆಯ ಮೇಲೆ ಆಗ ಇದ್ದದ್ದು 2 ಕೋಟಿಗೂ ಮಿಕ್ಕಿದ ಸಾಲ. ಐಷಾರಾಮ, ವಿಚ್ಛೇದನ, ತೆರಿಗೆ ಎಲ್ಲವೂ ಸೇರಿದ್ದವು. ಪ್ರಾಯೋಜಕ ಡಾನ್ ಕಿಂಗ್ ತಮ್ಮ ಹಣ ನುಂಗಿದರೆಂದು 10 ಕೋಟಿ ಡಾಲರ್ ಕೇಳಿ ಹೂಡಿದ್ದ ದಾವೆ 2004ರಲ್ಲಿ 1.4 ಕೋಟಿಗೆ ರಾಜಿಯಾಯಿತು.

ಆದರೂ ಆ ಹೆಸರಿನ ಬೆಲೆ ಇಳಿದಿಲ್ಲ. ನಮ್ಮಲ್ಲೂ ಅಷ್ಟೇ, 2022ರಲ್ಲಿ ವಿಜಯ್ ದೇವರಕೊಂಡ ಅವರ 'ಲೈಗರ್' ಪ್ರಚಾರಕ್ಕೆ ಟೈಸನ್ ಹೆಸರೇ ಬಂಡವಾಳ (ಸಿನಿಮಾ ಓಡಲಿಲ್ಲ, ಅದು ಬೇರೆ ಮಾತು). 2020ರಲ್ಲಿ 54ರ ಟೈಸನ್ ರಾಯ್ ಜೋನ್ಸ್ ಜೂನಿಯರ್ ಜತೆ ಆಡಿದ ಪ್ರದರ್ಶನ ಪಂದ್ಯವನ್ನು 16 ಲಕ್ಷದಷ್ಟು ಜನ ಕೊಂಡರು. 2024ರ ನವೆಂಬರ್‌ನಲ್ಲಿ 58ರ ಟೈಸನ್ 27ರ ಯೂಟ್ಯೂಬರ್ ಜೇಕ್ ಪಾಲ್ ಎದುರು ನಿಂತಾಗ ಪೇ-ಪರ್-ವ್ಯೂ ಇರಲೇ ಇಲ್ಲ. ನೆಟ್‌ಫ್ಲಿಕ್ಸ್ ಚಂದಾ ಇದ್ದರೆ ಸಾಕಿತ್ತು. ಶನಿವಾರ ಬೆಳಿಗ್ಗೆ ಭಾರತದಲ್ಲೂ ಅದನ್ನು ನೋಡಲು ಕೂತವರಿದ್ದರು. ಹಲವರಿಗೆ ವಿಡಿಯೊ ತಡೆತಡೆದು ಬಂತು. ಎಂಟು ಸುತ್ತು ನಡೆದ ಪಂದ್ಯದಲ್ಲಿ ಟೈಸನ್ ಸೋತರು. 6 ಕೋಟಿ ಮನೆಗಳು ನೇರಪ್ರಸಾರ ನೋಡಿದವೆಂದು ಕಂಪನಿ ಹೇಳಿಕೊಂಡಿತು.