ಸಿಫಿಲಿಸ್ ತ್ವರಿತ ರಕ್ತ ಪರೀಕ್ಷೆ: ಗರ್ಭಿಣಿಯರಿಗೂ ಮನೆಯವರಿಗೂ ತಿಳಿವಳಿಕೆ



ಗರ್ಭಿಣಿಯರ ಮೊದಲ ತಪಾಸಣೆಯಲ್ಲಿ ಹಿಮೋಗ್ಲೋಬಿನ್, ಎಚ್‌ಐವಿ ಪರೀಕ್ಷೆಗಳ ಜೊತೆಗೆ ಸಿಫಿಲಿಸ್ ಪರೀಕ್ಷೆಯನ್ನೂ ಮಾಡಬೇಕು. ಇದು ಯಾರ ನಡತೆಯ ಮೇಲಿನ ಸಂಶಯವಲ್ಲ. ಎಲ್ಲ ಗರ್ಭಿಣಿಯರಿಗೂ ಬೇಕಾದ ಪರೀಕ್ಷೆ.

ಸಿಫಿಲಿಸ್ ಎಂದರೇನು?
ಟ್ರೆಪೊನಿಮಾ ಪ್ಯಾಲಿಡಮ್ ಎಂಬ ರೋಗಾಣುವಿನಿಂದ ಬರುವ ರೋಗ. ಲೈಂಗಿಕ ಸಂಪರ್ಕದಿಂದ ಹಾಗೂ ತಾಯಿಯಿಂದ ಹೊಟ್ಟೆಯಲ್ಲಿರುವ ಮಗುವಿಗೆ ಹರಡುತ್ತದೆ. ಮೊದಲು ಸಾಮಾನ್ಯವಾಗಿ ನೋವಿಲ್ಲದ ಹುಣ್ಣಾಗಿ, ತಾನೇ ಮಾಯುತ್ತದೆ. ಆಮೇಲೆ ವರ್ಷಗಟ್ಟಲೆ ಯಾವ ಲಕ್ಷಣವೂ ಇಲ್ಲದೆ ದೇಹದಲ್ಲಿ ಉಳಿಯಬಹುದು. ಚಿಕಿತ್ಸೆ ಆಗದಿದ್ದರೆ ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು ಅಥವಾ ರೋಗದೊಂದಿಗೆ ಹುಟ್ಟಬಹುದು.

ಪರೀಕ್ಷೆ ಹೇಗೆ?
ಬೆರಳ ತುದಿ ಚುಚ್ಚಿ ತೆಗೆದ ರಕ್ತದ ಹನಿಯನ್ನು ಪರೀಕ್ಷಾ ಪಟ್ಟಿಯ ಮೇಲೆ ಹಾಕುತ್ತಾರೆ. ಉಪವಾಸ ಇರಬೇಕಾಗಿಲ್ಲ. ಸುಮಾರು 15ರಿಂದ 20 ನಿಮಿಷಗಳಲ್ಲಿ ಫಲಿತಾಂಶ ತಿಳಿಯುತ್ತದೆ. ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಈ ಪಟ್ಟಿ ಗುರುತಿಸುತ್ತದೆ.
• ಕಂಟ್ರೋಲ್ ಗೆರೆ ಮಾತ್ರ ಮೂಡಿದರೆ: ಪ್ರತಿಕಾಯ ಕಂಡಿಲ್ಲ. ಇತ್ತೀಚೆಗೆ ಸೋಂಕು ತಗುಲಿದ ಸಂಶಯವಿದ್ದರೆ ಕೆಲವು ವಾರಗಳ ನಂತರ ಮತ್ತೆ ಪರೀಕ್ಷಿಸಬೇಕು.
• ಎರಡು ಗೆರೆ ಮೂಡಿದರೆ: ಪ್ರತಿಕಾಯ ಇದೆ.
• ಕಂಟ್ರೋಲ್ ಗೆರೆಯೇ ಮೂಡದಿದ್ದರೆ: ಹೊಸ ಪಟ್ಟಿಯಲ್ಲಿ ಪುನಃ ಪರೀಕ್ಷೆ.

ಎರಡು ಗೆರೆ ಬಂದರೆ?
ಗಾಬರಿ ಬೇಡ, ಮನೆಯಲ್ಲಿ ಜಗಳವೂ ಬೇಡ. ರೋಗ ಪೂರ್ತಿ ಗುಣವಾದವರ ರಕ್ತದಲ್ಲಿಯೂ ಈ ಪ್ರತಿಕಾಯಗಳು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತವೆ. ಸೋಂಕು ಯಾವಾಗ ಬಂತು, ಯಾರಿಂದ ಬಂತು ಎಂಬುದನ್ನು ಗೆರೆ ಹೇಳುವುದಿಲ್ಲ. ಅದನ್ನೇ ಹಿಡಿದು ಸೊಸೆಯನ್ನು ದೂರುವುದು, ತವರಿಗೆ ಕಳಿಸುವುದು ಅನ್ಯಾಯ. ರೋಗ ಈಗ ಇದೆಯೇ ಎಂದು ತಿಳಿಯಲು ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಪರೀಕ್ಷೆ ನೆರವಾಗುತ್ತದೆ.

ಆದರೆ ಗರ್ಭಿಣಿಯರು ಆ ವರದಿಗಾಗಿ ಕಾಯುತ್ತ ಚಿಕಿತ್ಸೆ ತಡಮಾಡಬಾರದು. ಬೆಂಜಥಿನ್ ಪೆನಿಸಿಲಿನ್ ಇಂಜೆಕ್ಷನ್ ತಾಯಿಯನ್ನು ಗುಣಪಡಿಸಿ ಮಗುವನ್ನೂ ಕಾಪಾಡುತ್ತದೆ. ಹೆರಿಗೆಗೆ ಕನಿಷ್ಠ 30 ದಿನ ಮೊದಲೇ ಚಿಕಿತ್ಸೆ ಶುರುವಾಗಬೇಕು. ಸೋಂಕು ಹಳೆಯದಾಗಿದ್ದರೆ ವಾರಕ್ಕೊಂದರಂತೆ ಮೂರು ಸಲ ಬೇಕು, ನಡುವೆ ಬಿಡಬೇಡಿ. ಹಿಂದೆ ಪೆನಿಸಿಲಿನ್ ಒಗ್ಗದಿದ್ದರೆ ಮೊದಲೇ ವೈದ್ಯರಿಗೆ ಹೇಳಿರಿ. ಪತಿಯೂ ಪರೀಕ್ಷೆ, ಚಿಕಿತ್ಸೆ ಪಡೆಯಬೇಕು. ಇಲ್ಲದಿದ್ದರೆ ಸೋಂಕು ಮರಳಿ ಬರಬಹುದು.

ಬಾಣಂತನಕ್ಕೆ ಹೋಗುವಾಗ
ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹೆಣ್ಣುಮಕ್ಕಳು ಹೆರಿಗೆಗೆ ಮಿರಜ, ಸಾಂಗ್ಲಿ, ಕೊಲ್ಹಾಪುರ ಕಡೆಗೂ ಹೋಗುವುದುಂಟು. ಫಲಿತಾಂಶ ಹಾಗೂ ಇಂಜೆಕ್ಷನ್ ಪಡೆದ ತಾರೀಖುಗಳನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡು ಜೊತೆಗೆ ಒಯ್ಯಿರಿ. ಹುಟ್ಟಿದ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಿರಿ.

ಸಂಕೋಚ ಬಿಟ್ಟು ಕೇಳಿರಿ. ಒಂದು ಹನಿ ರಕ್ತದಿಂದ ಒಂದು ಜೀವ ಉಳಿಯಬಹುದು.