ನಾಳೆ ಪಂದ್ಯ, ಇಂದು ಮನೆಯಲ್ಲಿ ನಿದ್ದೆಯಿಲ್ಲ

ಸಹೋದರಿಯರೇ, ನಿಮ್ಮ ಮನೆಯಲ್ಲಿ ಹದಿನಾಲ್ಕು ಹದಿನೈದರ ಪ್ರಾಯದ ಹುಡುಗನಿದ್ದರೆ ಈ ಲಕ್ಷಣಗಳನ್ನು ನೀವು ಖಂಡಿತ ಕಂಡಿರುತ್ತೀರಿ. ಊಟಕ್ಕೆ ಕೂರುತ್ತಾನೆ, ಎರಡು ತುತ್ತು ತಿಂದು ಎದ್ದು ಹೋಗುತ್ತಾನೆ. ಪುಸ್ತಕ ತೆರೆದಿರುತ್ತದೆ, ಕಣ್ಣು ಗೋಡೆಯ ಮೇಲಿರುತ್ತದೆ. ಗೆಳೆಯನೊಂದಿಗೆ ಫೋನಿನಲ್ಲಿ ಜಗಳವಾಡುವಂತೆ ಮಾತಾಡುತ್ತಾನೆ. ಜ್ವರ ಬಂತೇನೋ ಎಂದು ನೀವು ಹಣೆ ಮುಟ್ಟಿ ನೋಡುತ್ತೀರಿ. ಜ್ವರವೇನೂ ಇಲ್ಲ. ನಾಳೆ ಫುಟ್‌ಬಾಲ್ ಪಂದ್ಯವಿದೆ, ಅಷ್ಟೇ!

"ಆಡುವವರು ಇಪ್ಪತ್ತೆರಡು ಜನ, ನಿನಗೇಕೆ ಈ ಸಂಕಟ?" ಎಂದು ನಾವು ಕೇಳುತ್ತೇವೆ. ಹುಡುಗನಿಗೆ ಉತ್ತರ ಹೇಳಲು ಬರುವುದಿಲ್ಲ. ನಮಗೂ ಕೇಳಿ ತಿಳಿದುಕೊಳ್ಳುವ ವ್ಯವಧಾನವಿರುವುದಿಲ್ಲ. ಆ ಸಂಕಟದ ಒಳಗೆ ಏನಿದೆ ಎಂಬುದನ್ನು ಈ ಬಾರಿ ಸ್ವಲ್ಪ ನೋಡೋಣ. ಏಕೆಂದರೆ ಮನೆಯ ಶಾಂತಿ, ಮಗುವಿನ ಮನಸ್ಸು, ಕೆಲವೊಮ್ಮೆ ಹಿರಿಯರ ಆರೋಗ್ಯ ಕೂಡಾ ಅದರೊಂದಿಗೆ ಬೆಸೆದುಕೊಂಡಿದೆ.

ನಮ್ಮೂರಿನ ಹೆಸರಿನ ತಂಡ

ಮೈಸೂರೆಂದರೆ ದಸರಾ, ಕುಸ್ತಿ, ಕ್ರಿಕೆಟ್ ಎಂದು ಹೇಳುವುದು ವಾಡಿಕೆ. ಆದರೆ ಭಾರತದ ಫುಟ್‌ಬಾಲ್ ಚರಿತ್ರೆಯಲ್ಲಿ ನಮ್ಮೂರಿನ ಹೆಸರು ಬಹಳ ಹಿಂದೆಯೇ ದಾಖಲಾಗಿದೆ. ರಾಜ್ಯಗಳ ನಡುವೆ ನಡೆಯುವ ಸಂತೋಷ್ ಟ್ರೋಫಿಯನ್ನು ನಮ್ಮ ರಾಜ್ಯದ ತಂಡ 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದಿತ್ತು. ರಾಜ್ಯಕ್ಕೆ ಆಗ ಇದ್ದ ಹೆಸರಿನಂತೆ ತಂಡದ ಹೆಸರೂ 'ಮೈಸೂರು' ಎಂದೇ ಇತ್ತು. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. ಹೆಸರು ಬದಲಾದ ಮೇಲೆ ಗೆಲುವೂ ಕೈಬಿಟ್ಟಿತೋ ಎಂಬಂತೆ ದಶಕಗಳು ಉರುಳಿದವು.

ಬೆಂಗಳೂರಿನಲ್ಲಿ ಹುಟ್ಟಿದ ಅಹ್ಮದ್ ಖಾನ್ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರ ಆಡಿದವರು. 1951ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು. ಲಂಡನ್ನಿನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲೇ ಆಡಿ, ಫ್ರಾನ್ಸ್‌ನಂತಹ ತಂಡಕ್ಕೆ ಕೇವಲ 2-1ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡಾ ಮೈಸೂರು ತಂಡದವರೇ. ಆ ದಿನ ಭಾರತಕ್ಕೆ ಸಿಕ್ಕಿದ ಎರಡು ಪೆನಾಲ್ಟಿಗಳೂ ಗೋಲಾಗಲಿಲ್ಲ. "ಪೆನಾಲ್ಟಿಯನ್ನು ಬೇರೆ ಯಾರಾದರೂ ಹೊಡೆದಿದ್ದರೆ?" ಎಂಬ ಚರ್ಚೆ ಹಳಬರು ಸೇರಿದಲ್ಲೆಲ್ಲ ಬಹುಕಾಲ ನಡೆಯಿತು. ನೋಡಿ, ಯಾರು ಆಡಬೇಕು, ಯಾರು ಹೊಡೆಯಬೇಕು ಎಂಬ ತಗಾದೆ ನಮ್ಮ ಮಕ್ಕಳು ಹುಟ್ಟುಹಾಕಿದ್ದಲ್ಲ.

ಒಂದೇ ತಿಂಗಳು, ಮೂರು ಪಂದ್ಯ

ಈ ಚಡಪಡಿಕೆ ಎಂತಹದೆಂದು ಅರಿಯಲು 2023ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ಮಕ್ಕಳಿಗೆ ಪರೀಕ್ಷೆಯ ಕಾಲ. ರಮಝಾನ್ ಬಾಗಿಲಲ್ಲಿ ನಿಂತಿತ್ತು. ಆ ತಿಂಗಳ 3ರಂದು, ಶುಕ್ರವಾರ ರಾತ್ರಿ, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳ ನಡುವೆ ಐಎಸ್‌ಎಲ್‌ನ ಸೋತವರು ಮನೆಗೆ ಹೋಗುವ ಪಂದ್ಯ. ನಮ್ಮ ಮೈಸೂರು ಒಂದು ಕಡೆ ಬೆಂಗಳೂರಿಗೆ, ಇನ್ನೊಂದು ಕಡೆ ವಯನಾಡಿಗೆ ಹತ್ತಿರದ ಊರು. ಇಲ್ಲಿ ಓದುವ ಮಲಯಾಳಿ ಮಕ್ಕಳೂ ಬಹಳ. ಆದ್ದರಿಂದ ಒಂದೇ ಬೆಂಚಿನಲ್ಲಿ ಕೂರುವ ಗೆಳೆಯರು ಆ ವಾರ ಎರಡು ಪಕ್ಷವಾದರು.

ಚರ್ಚೆಯ ಕೇಂದ್ರ ಸುನೀಲ್ ಛೆಟ್ರಿ. ಭಾರತಕ್ಕಾಗಿ ಅತಿ ಹೆಚ್ಚು ಗೋಲು ಹೊಡೆದ ಆಟಗಾರ, ಬೆಂಗಳೂರು ತಂಡದ ಜೀವಾಳ. ಆಗ ಅವರಿಗೆ 38 ವರ್ಷ. ಕೋಚ್ ಸೈಮನ್ ಗ್ರೇಸನ್ ಹಲವು ಪಂದ್ಯಗಳಲ್ಲಿ ಅವರನ್ನು ಬೆಂಚಿನಲ್ಲಿ ಕೂರಿಸಿ, 21ರ ಹರೆಯದ ತಮಿಳುನಾಡಿನ ಶಿವಶಕ್ತಿ ನಾರಾಯಣನ್‌ಗೆ ಮೊದಲ ಹನ್ನೊಂದರಲ್ಲಿ ಸ್ಥಾನ ಕೊಡುತ್ತಿದ್ದರು. "ಮನೆ ಕಟ್ಟಿದವರನ್ನೇ ಹೊರಗೆ ಕೂರಿಸುವುದೇ?" ಎಂದು ಒಂದು ಗುಂಪು. "ಓಡಲು ಎಳೆಯ ಕಾಲು ಬೇಕು" ಎಂದು ಇನ್ನೊಂದು ಗುಂಪು. ಸೊಸೆ ಬಂದ ಮೇಲೆ ಅಡುಗೆಮನೆ ಯಾರದ್ದು ಎಂಬ ಪ್ರಶ್ನೆಯಂತೆಯೇ ಇದು. ಎರಡೂ ಕಡೆಯಲ್ಲಿ ನ್ಯಾಯವಿದೆ.

ಆ ರಾತ್ರಿ ಏನಾಯಿತು? ಬದಲಿ ಆಟಗಾರನಾಗಿ ಬಂದ ಛೆಟ್ರಿ ಹೆಚ್ಚುವರಿ ಸಮಯದಲ್ಲಿ, ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಅದನ್ನು ಒಪ್ಪದ ಕೇರಳದ ತಂಡ ಮೈದಾನ ಬಿಟ್ಟು ಹೊರನಡೆಯಿತು. ಮುಂದಿನ ಸೆಮಿಫೈನಲಿನ ಮೊದಲ ಪಂದ್ಯದಲ್ಲೂ ಛೆಟ್ರಿ ಬೆಂಚಿನಿಂದಲೇ ಬಂದು ಮುಂಬೈ ವಿರುದ್ಧ ಏಕೈಕ ಗೋಲು ಹೊಡೆದರು. ಮಾರ್ಚ್ 18ರಂದು ಗೋವಾದಲ್ಲಿ ಫೈನಲ್. ಅಂದು ಕೂಡಾ ಮೊದಲ ಹನ್ನೊಂದರಲ್ಲಿ ಶಿವಶಕ್ತಿಯ ಹೆಸರೇ ಇತ್ತು. ವಾರವಿಡೀ ವಾದಿಸಿದವರ ಮಾತು ಮುಗಿಯುವ ಮೊದಲೇ, ಆಟ ಆರಂಭವಾದ ಕೆಲವೇ ನಿಮಿಷಗಳಲ್ಲಿ ಆ ಹುಡುಗ ಗಾಯಗೊಂಡು ಹೊರಗೆ ಬಂದ. ಛೆಟ್ರಿ ಒಳಗೆ ಹೋದರು, ಪೆನಾಲ್ಟಿಯಲ್ಲಿ ಗೋಲೂ ಹೊಡೆದರು. ಆದರೂ ಪಂದ್ಯ 2-2ರಲ್ಲಿ ನಿಂತು, ಪೆನಾಲ್ಟಿಗಳಲ್ಲಿ ಎಟಿಕೆ ಮೋಹನ್ ಬಾಗಾನ್ ಗೆದ್ದಿತು. ಮನುಷ್ಯ ಪಟ್ಟಿ ಬರೆಯುತ್ತಾನೆ, ಆದರೆ ಮೈದಾನದಲ್ಲಿ ನಡೆಯುವುದು ಆ ಪಟ್ಟಿಯಲ್ಲಿ ಬರೆದಿರುವುದಿಲ್ಲ.

ಇದರ ಮಧ್ಯೆ, ಮಾರ್ಚ್ 4ರಂದು ರಿಯಾದ್‌ನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಇನ್ನೊಂದು ಫೈನಲ್ ನಡೆಯಿತು. ಸಂತೋಷ್ ಟ್ರೋಫಿಯ ಕೊನೆಯ ಹಂತ ವಿದೇಶದಲ್ಲಿ ನಡೆದದ್ದು ಅದೇ ಮೊದಲು. ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಕಪ್ ಎತ್ತಿತು. ಸುನೀಲ್ ಕುಮಾರ್, ಬೇಕಿ ಓರಾಮ್, ರಾಬಿನ್ ಯಾದವ್ ಗೋಲು ಹೊಡೆದವರು. ಆದರೆ ಆ ತಂಡದ ಹನ್ನೊಂದು ಮಂದಿ ಯಾರೆಂದು ಜಗಳವಾಡಿದವರು ನಮ್ಮ ಬೀದಿಗಳಲ್ಲಿ ಎಷ್ಟು ಜನ? ಟಿವಿಯಲ್ಲಿ ಹೆಚ್ಚು ಕಾಣುವವರ ಬಗ್ಗೆಯೇ ನಮ್ಮ ಆತಂಕವೂ ಹೆಚ್ಚು. ನಮ್ಮ ಮಕ್ಕಳಿಗೆ ಇದನ್ನು ಮೆಲ್ಲನೆ ಹೇಳಬಹುದು.

ಮೊರಾಕ್ಕೋ ಕಲಿಸಿದ್ದು

2022ರ ಕತಾರ್ ವಿಶ್ವಕಪ್ ಸಮಯದಲ್ಲಿ ಆಟ ನೋಡದ ಮನೆಗಳಲ್ಲೂ ಮೊರಾಕ್ಕೋದ ಮಾತಿತ್ತು. ಆಟಗಾರ ಸೋಫಿಯಾನ್ ಬೌಫಾಲ್ ತನ್ನ ತಾಯಿಯ ಕೈ ಹಿಡಿದು ಮೈದಾನದಲ್ಲಿ ಸಂಭ್ರಮಿಸಿದ ದೃಶ್ಯ ಹಲವರಿಗೆ ನೆನಪಿರಬಹುದು. ಆದರೆ ಆ ತಂಡದ ಹಿಂದೆ ಒಂದು ಆಯ್ಕೆಯ ಕಥೆಯಿದೆ. ಹಿಂದಿನ ಕೋಚ್ ಹಕೀಮ್ ಝಿಯೆಚ್‌ನನ್ನು ಶಿಸ್ತಿನ ಕಾರಣ ಹೇಳಿ ಹೊರಗಿಟ್ಟಿದ್ದರು. ಮನನೊಂದ ಝಿಯೆಚ್ ಇನ್ನು ದೇಶಕ್ಕಾಗಿ ಆಡುವುದಿಲ್ಲ ಎಂದುಬಿಟ್ಟಿದ್ದ. 2022ರ ಆಗಸ್ಟ್ ಕೊನೆಯಲ್ಲಿ ಕೋಚ್ ಆದ ವಲೀದ್ ರೆಗ್ರಾಗುಯಿ ಅವನನ್ನು ಮರಳಿ ಕರೆತಂದರು. ಕೆನಡಾದ ವಿರುದ್ಧ ಮೊದಲ ಗೋಲು ಅವನದ್ದೇ. ಮುನಿದವರನ್ನು ಕರೆದು ಮಾತಾಡಿಸುವುದರಿಂದ ಎಷ್ಟು ಲಾಭ ಎಂಬುದಕ್ಕೆ ಇದೊಂದು ಉದಾಹರಣೆ.

ಇನ್ನೊಂದು ಕಡೆ ಪೋರ್ಚುಗಲ್. ಡಿಸೆಂಬರ್ 6ರಂದು ಕೋಚ್ ಫೆರ್ನಾಂಡೊ ಸಾಂಟೋಸ್ ಕ್ರಿಸ್ಟಿಯಾನೊ ರೊನಾಲ್ಡೊನನ್ನು ಬೆಂಚಿನಲ್ಲಿ ಕೂರಿಸಿದರು. ಅವನ ಜಾಗದಲ್ಲಿ ಆಡಿದ ಗೊನ್ಸಾಲೊ ರಾಮೋಸ್ ಮೂರು ಗೋಲು ಹೊಡೆದ, ತಂಡ ಸ್ವಿಟ್ಜರ್‌ಲೆಂಡನ್ನು 6-1ರಿಂದ ಸೋಲಿಸಿತು. ಎಲ್ಲರೂ ಕೋಚ್ ಜಾಣ ಎಂದರು. 10ರಂದು ಅದೇ ತೀರ್ಮಾನ, ಅದೇ ಹುಡುಗ. ಈ ಬಾರಿ ಮೊರಾಕ್ಕೋ 1-0ರಿಂದ ಗೆದ್ದಿತು. ಎಲ್ಲರೂ ಕೋಚ್ ಮೂರ್ಖ ಎಂದರು. ನಾಲ್ಕೇ ದಿನದಲ್ಲಿ ಮನುಷ್ಯನ ಬುದ್ಧಿ ಅಷ್ಟು ಬದಲಾಗುತ್ತದೆಯೇ? ಬದಲಾದದ್ದು ಫಲಿತಾಂಶ ಮಾತ್ರ. ಮಕ್ಕಳ ಅಂಕಪಟ್ಟಿ ನೋಡಿ ತಾಯಿಯನ್ನು ಹೊಗಳುವ, ಬಯ್ಯುವ ನಮ್ಮ ಮನೆಗಳಲ್ಲೂ ಈ ನ್ಯಾಯವೇ ನಡೆಯುತ್ತಿಲ್ಲವೇ?

ಹೃದಯದ ಮಾತು

ಕಾತರ ಮನಸ್ಸಿನಲ್ಲಿ ಮಾತ್ರ ಇರುವುದಲ್ಲ, ದೇಹಕ್ಕೂ ಇಳಿಯುತ್ತದೆ. ಅಪಾಯ ಬಂದಾಗ ಸುರಿಯುವ ಅಡ್ರಿನಲಿನ್ ಪಂದ್ಯದ ಮುಂಚೆಯೂ ಸುರಿಯುತ್ತದೆ. ಎದೆ ಬಡಿತ ಹೆಚ್ಚುತ್ತದೆ, ಹಸಿವು ಸಾಯುತ್ತದೆ, ನಿದ್ದೆ ಹಾರುತ್ತದೆ. 2006ರ ವಿಶ್ವಕಪ್ ಸಂದರ್ಭದಲ್ಲಿ ಜರ್ಮನಿಯ ಮ್ಯೂನಿಕ್ ಪ್ರದೇಶದ ವೈದ್ಯರು ಲೆಕ್ಕ ಹಾಕಿ, ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ತೊಂದರೆಗಳು ಇತರ ದಿನಗಳಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚಾಗಿದ್ದವೆಂದು 2008ರಲ್ಲಿ ಪ್ರಕಟಿಸಿದರು. ಮೊದಲೇ ಹೃದಯದ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ಗಂಡಸರಲ್ಲಿ ಹೆಚ್ಚಿತ್ತು, ಹೆಂಗಸರೂ ಹೊರತಲ್ಲ. ಆದ್ದರಿಂದ ಮನೆಯಲ್ಲಿ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ಅಬ್ಬಾನೋ ದಾದಾನೋ ಪಂದ್ಯ ನೋಡುವವರಾದರೆ, ಮೊದಲು ಅವರ ಮಾತ್ರೆ ಆಗಿದೆಯೇ ಎಂದು ನೋಡಿ. ಎದೆ ಹಿಡಿದಂತಾದರೆ ಆಟ ಮುಗಿಯಲಿ ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಪಟ್ಟಿಯಲ್ಲಿ ಹೆಸರಿಲ್ಲದ ಮಗು

ಶಿಕ್ಷಕನಾಗಿ ನನ್ನನ್ನು ಹೆಚ್ಚು ಕಾಡುವುದು ಹೊರಗುಳಿದವನ ಮುಖ. ಕೆಲವು ವರ್ಷಗಳ ಹಿಂದೆ ಶಾಲೆಗಳ ನಡುವಿನ ಪಂದ್ಯಕ್ಕೆ ಪಟ್ಟಿ ಹಾಕಿದಾಗ, ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಹೆಸರಿರಲಿಲ್ಲ. ಹೊಟ್ಟೆನೋವೆಂದು ಎರಡು ದಿನ ಶಾಲೆಗೇ ಬರಲಿಲ್ಲ. ಮೂರನೆಯ ದಿನ ಅವನ ತಾಯಿ ಬಂದು, "ಮೇಷ್ಟ್ರೇ, ನನ್ನ ಮಗ ಆಡದಿದ್ದರೆ ಬೇಡ. ಯಾಕೆ ಬೇಡ ಅಂತ ಅವನಿಗೆ ಒಂದು ಮಾತು ಹೇಳಿ, ಸಾಕು" ಎಂದರು. ನಮ್ಮ ದೈಹಿಕ ಶಿಕ್ಷಕರು ಹುಡುಗನನ್ನು ಕರೆದು, "ಚೆಂಡು ಕಳೆದುಕೊಂಡ ಮೇಲೆ ನೀನು ಹಿಂದೆ ಓಡುವುದಿಲ್ಲ. ಅದನ್ನು ಕಲಿ, ಮುಂದಿನ ಸಲ ನೋಡೋಣ" ಎಂದು ನೇರವಾಗಿ ಹೇಳಿದರು. ಹುಡುಗ ಅತ್ತ. ಆದರೆ ಮರುದಿನ ಅಭ್ಯಾಸಕ್ಕೆ ಬಂದ. ಆ ತಾಯಿ ಕೇಳಿದ್ದು ಶಿಫಾರಸನ್ನಲ್ಲ, ಕಾರಣವನ್ನು. ಎಷ್ಟು ದೊಡ್ಡ ಮಾತು!

ಪರದೆಯಲ್ಲಿ ಕಾಣುವ ಆಟಗಾರರೂ ಒಬ್ಬೊಬ್ಬ ತಾಯಿಯ ಮಕ್ಕಳೇ. 2021ರ ಯೂರೋ ಕಪ್ ಫೈನಲಿನಲ್ಲಿ ಕೊನೆಯ ಪೆನಾಲ್ಟಿ ತಪ್ಪಿಸಿದ ಇಂಗ್ಲೆಂಡಿನ ಬುಕಾಯೊ ಸಾಕಾನಿಗೆ ಆಗ 19 ವರ್ಷ. ಆ ರಾತ್ರಿಯಿಂದ ಅವನ ಬಣ್ಣ ಹಿಡಿದು ಸುರಿದ ಬೈಗುಳ ಅಷ್ಟಿಷ್ಟಲ್ಲ. ನಮ್ಮ ಮಕ್ಕಳ ಬೆರಳುಗಳಿಂದ ಅಂತಹ ಒಂದು ಅಕ್ಷರವೂ ಹೊರಡದಿರಲಿ.

ನಾವೇನು ಮಾಡಬಹುದು?

ಪಂದ್ಯವನ್ನು ಶತ್ರುವಿನಂತೆ ನೋಡಬೇಡಿ. ಮಗನ ಪಕ್ಕ ಕುಳಿತು, "ನಿನ್ನ ಹನ್ನೊಂದು ಯಾರು? ಯಾಕೆ?" ಎಂದು ಕೇಳಿ. ಕಾರಣ ಕೊಟ್ಟು ಮಾತಾಡುವುದನ್ನು ಅವನು ಅಲ್ಲಿಂದಲೇ ಕಲಿಯುತ್ತಾನೆ. ಮಗಳನ್ನೂ ಕೇಳಿ. 2025ರ ಜುಲೈಯಲ್ಲಿ ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆದದ್ದು ಭಾರತದ ಹೆಣ್ಣುಮಕ್ಕಳ ತಂಡ ಎಂಬುದನ್ನು ಅವಳಿಗೆ ಹೇಳಿ.

ವಾದಕ್ಕೆ ಒಂದು ಮಿತಿ ಇರಲಿ. ಆಡುವವರ ಪಟ್ಟಿ ಪಂದ್ಯಕ್ಕೆ ಸುಮಾರು ಒಂದು ಗಂಟೆ ಮೊದಲಷ್ಟೇ ಹೊರಬರುತ್ತದೆ. ಅದಕ್ಕಾಗಿ ಮೂರು ರಾತ್ರಿ ನಿದ್ದೆಗೆಡುವುದರಲ್ಲಿ ಅರ್ಥವಿಲ್ಲ. ಪಂದ್ಯ ಮಧ್ಯರಾತ್ರಿ ಹನ್ನೆರಡೂವರೆಗೆ ಇದ್ದರೆ ಇಶಾ ಮುಗಿಸಿ ಮಲಗಿ ಎದ್ದು ನೋಡಲಿ. ಫಜ್ರ್ ಮತ್ತು ಶಾಲೆ ಎರಡೂ ತಪ್ಪುವುದಿಲ್ಲ ಎಂಬ ಕರಾರು ಮೊದಲೇ ಆಗಲಿ. ಆ ಹೊತ್ತಿಗೆ ಹಗುರವಾದ ಏನಾದರೂ ತಿನ್ನಲು ಇಡಿ, ಚಹಾದ ಮೇಲೆ ಚಹಾ ಬೇಡ.

ಹಣದ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ನಿಮ್ಮದೇ ಹನ್ನೊಂದನ್ನು ಆರಿಸಿ, ದುಡ್ಡು ಗೆಲ್ಲಿ ಎಂದು ಕರೆಯುತ್ತಿದ್ದ ಆಟಗಳು ಎಷ್ಟೋ ಯುವಕರ ಸಂಬಳವನ್ನು ನುಂಗಿವೆ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತು. ನಮಗಂತೂ ಜೂಜು ಎಂದಿನಿಂದಲೂ ಹರಾಮ್. ಕದ್ದುಮುಚ್ಚಿ ನಡೆಯುತ್ತಿದೆಯೇ ಎಂದು ಪ್ರೀತಿಯಿಂದಲೇ ವಿಚಾರಿಸಿ.

ಸೋತ ರಾತ್ರಿ "ಒಂದು ಆಟಕ್ಕೆ ಅಳುತ್ತೀಯಾ?" ಎಂದು ನಗಬೇಡಿ. 2018ರ ಮಾರ್ಚ್ 17ರಂದು ಬೆಂಗಳೂರು ತಂಡ ತನ್ನದೇ ಕಂಠೀರವದಲ್ಲಿ ಚೆನ್ನೈಗೆ 3-2ರಿಂದ ಫೈನಲ್ ಸೋತಿತ್ತು. ಸರಿಯಾಗಿ ಒಂದು ವರ್ಷದ ಬಳಿಕ, 2019ರ ಅದೇ ಮಾರ್ಚ್ 17ರಂದು, ಗೋವಾ ವಿರುದ್ಧ ಹೆಚ್ಚುವರಿ ಸಮಯದ ಕೊನೆಯ ನಿಮಿಷಗಳಲ್ಲಿ ಗೆದ್ದಿತು. ಗೋಲು ಹೊಡೆದದ್ದು ಹೆಸರಾಂತ ಮುನ್ಪಡೆಯವರಲ್ಲ, ರಕ್ಷಣಾ ಆಟಗಾರ ರಾಹುಲ್ ಭೆಕೆ. ಪಂದ್ಯದ ಮುಂಚೆ ಯಾರೂ ಹೆಚ್ಚಾಗಿ ಚರ್ಚಿಸದ ಹೆಸರು. ಸಬ್ರ್ ಎಂದರೆ ಏನೆಂದು ಮಗುವಿಗೆ ತಿಳಿಸಲು ಇಂತಹ ಘಟನೆಗಳು ನೂರು ಉಪದೇಶಗಳಿಗಿಂತ ಮೇಲು. ಅದನ್ನು ಹೇಳಬೇಕಾದವರು ನೀವು, ಸಹೋದರಿಯರೇ. ಟಿವಿ ಆರಿಸಿದ ಮೇಲೆ ಮಗುವಿನ ಬಳಿ ಉಳಿಯುವವರು ನೀವೇ ತಾನೇ?