ಭಟ್ಕಳದ ಹಳೆಯ ಪೇಟೆ: ಬೀದಿ, ಕಟ್ಟೆ, ಕಟ್ಟಡಗಳ ಸಂರಕ್ಷಣೆಯ ಜಾನಪದೀಯ ನೆಲೆಗಳು

ಪಟ್ಟಣವೊಂದರ ಚರಿತ್ರೆಯನ್ನು ಅದರ ಶಾಸನ, ದೇವಾಲಯ, ಕೋಟೆಗಳ ಮೂಲಕ ಓದುವುದು ನಮ್ಮಲ್ಲಿ ಬೇರೂರಿದ ಪದ್ಧತಿ. ಈ ಕುರುಹುಗಳ ನಡುವೆ ಹರಡಿಕೊಂಡಿರುವ ಬೀದಿ, ಕೇರಿ, ಕಟ್ಟೆ, ಬಯಲು, ಬಾವಿ ಹಾಗೂ ವಾಸದ ಮನೆಗಳು ಇತಿಹಾಸದ ಆಕರಗಳೆಂದು ಮಾನ್ಯವಾದದ್ದು ತೀರ ಈಚೆಗೆ. ಉತ್ತರ ಕನ್ನಡ ಜಿಲ್ಲೆಯ ದಕ್ಷಿಣದ ತುದಿಯಲ್ಲಿರುವ ಭಟ್ಕಳದ ಹಳೆಯ ಪೇಟೆಯನ್ನು ಆಧಾರವಾಗಿಟ್ಟುಕೊಂಡು, ಇಂಥ ಸಾರ್ವಜನಿಕ ತಾಣಗಳ ಸಂರಕ್ಷಣೆ ಎಂದರೇನು, ಅದರಲ್ಲಿ ಜನಪದರ ನೆನಪು ಮತ್ತು ಆಚರಣೆಗಳ ಪಾತ್ರವೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೋಲಿಕೆಗಾಗಿ ನೆರೆಯ ಹೊನ್ನಾವರ, ಕುಮಟಾ ತಾಲೂಕುಗಳ ನಿದರ್ಶನಗಳನ್ನೂ ಬಳಸಿಕೊಳ್ಳಲಾಗಿದೆ.

ಪೇಟೆಯ ಹುಟ್ಟು ಮತ್ತು ರಚನೆ

ಭಟ್ಕಳವು ವಿಜಯನಗರದ ಕಾಲದಲ್ಲಿ ಪಶ್ಚಿಮ ಕರಾವಳಿಯ ಪ್ರಮುಖ ಬಂದರುಗಳಲ್ಲಿ ಒಂದಾಗಿತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಕುರಿತು ಬರೆದ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೋಸಾ ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣಗಳು ಹೊರದೇಶಕ್ಕೆ ಹೋಗುತ್ತಿದ್ದುದನ್ನೂ ಹೋರ್ಮುಜ್ ಕಡೆಯಿಂದ ಕುದುರೆಗಳು ಬಂದಿಳಿಯುತ್ತಿದ್ದುದನ್ನೂ ದಾಖಲಿಸಿದ್ದಾನೆ. ಹಾಡುವಳ್ಳಿ ಮತ್ತು ಗೇರುಸೊಪ್ಪೆಯ ಸಾಳುವ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಈ ಪಟ್ಟಣವು 1542ರಲ್ಲಿ ಮಾರ್ತಿಂ ಅಫೋನ್ಸೊ ದ ಸೋಜನ ದಾಳಿಗೆ ತುತ್ತಾಗಿ ಬೆಂದುಹೋಯಿತು. ಇಂದು ಕಾಣಸಿಗುವ ಪ್ರಸಿದ್ಧ ಶಿಲಾ ಕಟ್ಟಡಗಳಲ್ಲಿ ಹಲವು ಆ ಶತಮಾನದವು ಎಂಬುದು ಗಮನಾರ್ಹ. ಸುಟ್ಟ ಊರು ಮತ್ತೆ ಎದ್ದು ನಿಂತ ಬಗೆಗೆ ಅವು ಸಾಕ್ಷಿಯಾಗಿವೆ.

ಪಟ್ಟಣದ ರಚನೆಯು ಬಂದರಿನ ವ್ಯಾಪಾರವನ್ನೇ ಅನುಸರಿಸಿದೆ. ಶರಾಬಿ ಹೊಳೆಯ ಆಸುಪಾಸಿನಲ್ಲಿ ನವಾಯತ ಮುಸ್ಲಿಮರ ಬೀದಿಗಳು, ಪೇಟೆಯ ಸುತ್ತ ಕೊಂಕಣಿ ವರ್ತಕರ ಮನೆ ಮತ್ತು ದೇವಸ್ಥಾನಗಳು, ಆಸರಕೇರಿ, ಮಣ್ಕುಳಿ ಮೊದಲಾದೆಡೆ ನಾಮಧಾರಿ ಮುಂತಾದ ಸಮುದಾಯಗಳ ಕೇರಿಗಳು, ಕಡಲಂಚಿನಲ್ಲಿ ಮೊಗೇರ ಹಾಗೂ ಖಾರ್ವಿ ಮೀನುಗಾರರ ನೆಲೆಗಳು. ಜೈನ ಬಸದಿಗಳೂ ಇದೇ ಪೇಟೆಯ ಭಾಗವಾಗಿವೆ. ಚಿನ್ನದ ಕಳಶದಿಂದಾಗಿ 'ಚಿನ್ನದಪಳ್ಳಿ' ಎಂದು ಹೆಸರಾದ ಜಾಮಿಯಾ ಮಸೀದಿಯನ್ನು ಎಲ್ಲ ಸಮುದಾಯದವರೂ ಅದೇ ಕನ್ನಡದ ಹೆಸರಿನಿಂದ ಕರೆಯುತ್ತಾರೆ. 'ಮೂಡಭಟ್ಕಳ' ಎಂಬ ಹೆಸರು ಊರಿನ ದಿಕ್ಕನ್ನು ಹೇಳಿದರೆ, 'ಬಂದರ' ಎಂಬುದು ಕಸುಬನ್ನು ಹೇಳುತ್ತದೆ. ಸ್ಥಳನಾಮಗಳು ಹೀಗೆ ಪಟ್ಟಣದ ಹಳೆಯ ನಕಾಶೆಯಂತೆ ಉಳಿದುಕೊಂಡಿವೆ.

ರಕ್ಷಿತ ಸ್ಮಾರಕಗಳು

ಕೇತಪೈ ನಾರಾಯಣ ದೇವಾಲಯ, ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಶಾಂತಪ್ಪ ನಾಯಕನ ತಿರುಮಲ ದೇವಾಲಯ, ರಘುನಾಥ ದೇವಾಲಯ, ಅಡಿಕೆ ನಾರಾಯಣ ದೇವಾಲಯ ಮೊದಲಾದವು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. 1637-38ರ ಅವಧಿಯ ಇಂಗ್ಲಿಷ್ ವರ್ತಕರ ಗೋರಿಗಳೂ ಈ ಪಟ್ಟಿಯಲ್ಲಿವೆ. ಈ ಕಟ್ಟಡಗಳ ವಾಸ್ತುವಿನಲ್ಲಿ ಕರಾವಳಿಯ ಮಳೆ ಎದ್ದು ಕಾಣುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಚಪ್ಪಟೆ ಮಾಳಿಗೆ ನಿಲ್ಲದು. ಆದ್ದರಿಂದ ಶಿಲ್ಪಿಗಳು ಮರ ಮತ್ತು ಹುಲ್ಲಿನ ಮನೆಯ ಇಳಿಜಾರು ಮಾಡನ್ನೇ ಕಲ್ಲಿನ ಹಾಸುಗಳಲ್ಲಿ ಕಡೆದಿದ್ದಾರೆ. ಮರದ ಪಟ್ಟಿಗಳ ಜಾಲಂದ್ರವನ್ನು ಹೋಲುವ ಕಲ್ಲಿನ ತಡಿಕೆಗಳು ಎರಚಲನ್ನು ತಡೆದು ಗಾಳಿಯನ್ನು ಒಳಗೆ ಬಿಡುತ್ತವೆ. ಕನ್ನಡ ಜಿಲ್ಲೆಯ ಇಂಥ ಕಟ್ಟಡಗಳಿಗೂ ನೇಪಾಳದ ಕಟ್ಟಡಗಳಿಗೂ ಇರುವ ಸಾಮ್ಯವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜೇಮ್ಸ್ ಫರ್ಗ್ಯುಸನ್ ಗುರುತಿಸಿದ್ದನು. ಜನಪದರ ಮನೆಕಟ್ಟುವ ತಿಳಿವಳಿಕೆಯೇ ಇಲ್ಲಿ ಕಲ್ಲಾಗಿದೆ ಎಂದು ಹೇಳಿದರೆ ತಪ್ಪಾಗಲಾರದು. ಕೇತಪೈ ದೇವಾಲಯದ ಗೋಡೆಯ ರಾಮಾಯಣದ ಶಿಲ್ಪಪಟ್ಟಿಕೆಗಳೂ ಕಥನ ಪರಂಪರೆಯೊಂದರ ಶಿಲಾರೂಪವೇ ಆಗಿವೆ.

ಕಲ್ಲು ಉಳಿದಿದೆ. ಆದರೆ ಕಲ್ಲು ಯಾವ ಮನೆಯ ಮಾಡನ್ನು ನೋಡಿ ಕಲಿಯಿತೋ ಆ ಮನೆಗಳಿಗೆ ಯಾವ ಪಟ್ಟಿಯಲ್ಲಿಯೂ ಸ್ಥಾನ ದೊರೆತಿಲ್ಲ. ಸಮಸ್ಯೆಯ ಮೂಲ ಇರುವುದು ಇಲ್ಲಿ.

ಬೀದಿ ಎಂಬ ಸ್ಮಾರಕ

ಪಾಶ್ಚಾತ್ಯ ಪಟ್ಟಣಗಳ ಚೌಕಕ್ಕೆ ಸುತ್ತಲಿನ ಕಟ್ಟಡಗಳು ಎಲ್ಲೆಯನ್ನು ಹಾಕುತ್ತವೆ. ಕರಾವಳಿಯ ಪೇಟೆಗಳಲ್ಲಿ ಸಾರ್ವಜನಿಕ ತಾಣದ ಎಲ್ಲೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಆಚರಣೆ. ತೇರು ಎಲ್ಲಿಯವರೆಗೆ ಸಾಗುತ್ತದೆಯೋ ಅಲ್ಲಿಯವರೆಗೆ ರಥಬೀದಿ, ಪಲ್ಲಕ್ಕಿ ಎಲ್ಲಿ ಇಳಿಯುತ್ತದೆಯೋ ಅದು ಕಟ್ಟೆ. ಶಿರಾಲಿಯ ಚಿತ್ರಾಪುರದಲ್ಲಿ 1757ರಿಂದ ನೆಲೆಗೊಂಡ ಮಠದ ಮುಂದಿನ ಬೀದಿಯ ಅಗಲಕ್ಕೂ ತೇರಿನ ಸಂಚಾರಕ್ಕೂ ನೇರ ಸಂಬಂಧವಿದೆ.

ಭಟ್ಕಳದ ಚನ್ನಪಟ್ಟಣ ಹನುಮಂತ ದೇವಸ್ಥಾನದ ರಥೋತ್ಸವವು ರಾಮನವಮಿಯಂದು ನಡೆಯುತ್ತದೆ. ರಥೋತ್ಸವಕ್ಕೆ ಮೊದಲು ದೇವಸ್ಥಾನದವರು ಊರಿನ ಹಳೆಯ ಮುಸ್ಲಿಂ ಮನೆತನಗಳಿಗೆ ಹೋಗಿ ಆಮಂತ್ರಣ ನೀಡುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ಈ ಆಮಂತ್ರಣದ ನಡಿಗೆಯು ದೇವಸ್ಥಾನದ ಬಾಗಿಲನ್ನೂ ನವಾಯತರ ಮನೆಯ ಜಗಲಿಯನ್ನೂ ಒಂದೇ ಸಾರ್ವಜನಿಕ ತಾಣವಾಗಿ ಕೂಡಿಸುತ್ತದೆ. 1993ರ ಏಪ್ರಿಲ್ ತಿಂಗಳಲ್ಲಿ ಇದೇ ರಾಮನವಮಿಯ ಸಂದರ್ಭದಲ್ಲಿ ಆರಂಭವಾದ ಗಲಭೆ ತಿಂಗಳುಗಟ್ಟಲೆ ಮುಂದುವರಿದು ಅನೇಕರ ಪ್ರಾಣ ತೆಗೆದುದನ್ನೂ, ಅದರ ವಿಚಾರಣೆಗಾಗಿ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗವನ್ನು ನೇಮಿಸಬೇಕಾಗಿ ಬಂದುದನ್ನೂ ಇಲ್ಲಿ ಮರೆಯುವಂತಿಲ್ಲ. ಅಷ್ಟು ದೊಡ್ಡ ಬಿರುಕಿನ ನಂತರವೂ ವಾಡಿಕೆ ಉಳಿದಿದೆ ಎಂಬುದರಿಂದ ಅದರ ಮಹತ್ವವನ್ನು ಅರಿಯಬಹುದು. ಬೀದಿ ಯಾರದು ಎಂಬ ಪ್ರಶ್ನೆಗೆ ಕಂದಾಯದ ದಾಖಲೆ ಒಂದು ಬಗೆಯ ಉತ್ತರ ಕೊಟ್ಟರೆ, ಈ ನಡಿಗೆ ಇನ್ನೊಂದು ಬಗೆಯ ಉತ್ತರ ಕೊಡುತ್ತದೆ.

ಆಷಾಢದಲ್ಲಿ ನಡೆಯುವ ಮಾರಿ ಜಾತ್ರೆಯದು ಇನ್ನೂ ವಿಶಿಷ್ಟ ನಿದರ್ಶನ. ವಿಶ್ವಕರ್ಮ ಮನೆತನದವರು ಮಾಡಿಕೊಟ್ಟ ಮಾರಿಯ ಮೂರ್ತಿಯನ್ನು ಪೇಟೆಯ ಮಾರಿಗುಡಿಯಲ್ಲಿ ಪ್ರತಿಷ್ಠಾಪಿಸಿ, ಎರಡು ದಿನಗಳ ಪೂಜೆಯ ಬಳಿಕ ಮೆರವಣಿಗೆಯಲ್ಲಿ ಜಾಲಿಕೋಡಿಯ ಕಡಲತೀರಕ್ಕೆ ಒಯ್ದು ವಿಸರ್ಜಿಸಲಾಗುತ್ತದೆ. ಪಟ್ಟಣದವರಲ್ಲದೆ ಬೆಳಕೆಯಂಥ ಸುತ್ತಲಿನ ಹಳ್ಳಿಗಳ ಭಕ್ತರೂ ಇದರಲ್ಲಿ ಪಾಲ್ಗೊಳ್ಳುತ್ತಾರೆ. ರೋಗರುಜಿನಗಳನ್ನು ಊರಿನಿಂದಾಚೆ ಕಳುಹಿಸುವುದು ಈ ಆಚರಣೆಯ ಆಶಯ. ಸಂರಕ್ಷಣೆಯ ದೃಷ್ಟಿಯಿಂದ ನೋಡಿದರೆ ಇಲ್ಲಿ ಕಾಪಿಡಬೇಕಾದ ವಸ್ತುವೇ ಇಲ್ಲ, ಮೂರ್ತಿಯು ಕಡಲ ಪಾಲಾಗುತ್ತದೆ. ಉಳಿಯುವುದು ಮೂರ್ತಿಯನ್ನು ಮಾಡುವ ವಿದ್ಯೆ, ಹೊರುವವರ ಹಕ್ಕು ಮತ್ತು ಗುಡಿಯಿಂದ ಕಡಲಿನವರೆಗಿನ ದಾರಿ. ಆ ದಾರಿ ಕಟ್ಟಿಹೋದರೆ ಆಚರಣೆಯ ಅರ್ಥವೇ ಕುಸಿಯುತ್ತದೆ. ಊರನ್ನು ದಾಟದ ಮಾರಿ ಊರಿನಲ್ಲಿಯೇ ಉಳಿದಂತೆ ಎಂಬ ನಂಬಿಕೆಯಲ್ಲಿ ದಾರಿಯ ರಕ್ಷಣೆಯ ತರ್ಕವೂ ಅಡಗಿದೆ.

ಜಟಗ, ಮಾಸ್ತಿ, ಚೌಡಿ, ಬೊಬ್ಬರ್ಯರ ಕಟ್ಟೆಗಳು ಇದೇ ಬಗೆಯವು. ಮುಸ್ಲಿಂ ವರ್ತಕನೊಬ್ಬನ ಮಗನೆಂದು ಐತಿಹ್ಯವು ಹೇಳುವ ಬೊಬ್ಬರ್ಯನು ಕರಾವಳಿಯ ಮೀನುಗಾರರ ಆರಾಧ್ಯದೈವ. ಕಡಲ ವ್ಯಾಪಾರದ ಚರಿತ್ರೆಯು ಶಾಸನದಲ್ಲಿ ಹೇಳದ್ದನ್ನು ಇಂಥ ಕಟ್ಟೆಯೊಂದು ಹೇಳುತ್ತದೆ. ಒಂದು ಮರ, ನಾಲ್ಕು ಚಿರೆಕಲ್ಲು ಮಾತ್ರವಿರುವ ಈ ತಾಣಗಳು ರಸ್ತೆ ಅಗಲಗೊಳಿಸುವಾಗ ಮೊದಲು ಅಳಿಯುತ್ತವೆ. ಕಟ್ಟೆಯನ್ನು ಬೇರೆಡೆಗೆ ಸರಿಸಿ ಸಿಮೆಂಟಿನ ಗುಡಿ ಕಟ್ಟಿಕೊಟ್ಟರೆ ದೈವಕ್ಕೆ ನೆಲೆ ದೊರೆತೀತು, ಆದರೆ ಆ ಸ್ಥಳಕ್ಕೆ ಅಂಟಿದ ಕಥೆಗೆ ನೆಲೆ ತಪ್ಪುತ್ತದೆ.

ವಾಸದ ಮನೆಗಳು

ಹಳೆಯ ಪೇಟೆಯ ಮನೆಗಳು ದಪ್ಪನೆಯ ಚಿರೆಕಲ್ಲಿನ ಗೋಡೆ, ಮರದ ಮಾಡಿ, ಹೆಂಚಿನ ಮಾಡು, ಬೀದಿಗೆ ಮುಖಮಾಡಿದ ಜಗಲಿ, ಒಳ ಅಂಗಳ ಮತ್ತು ಹಿತ್ತಲ ಬಾವಿಯನ್ನು ಒಳಗೊಂಡವು. ಜಗಲಿಯು ಮನೆಗೆ ಸೇರಿದ್ದರೂ ಬೀದಿಯ ಭಾಗವೇ ಆಗಿತ್ತು. ಲೆಕ್ಕಾಚಾರ, ಪಂಚಾಯತಿ, ಹರಟೆಗಳು ಅಲ್ಲಿಯೇ ನಡೆಯುತ್ತಿದ್ದವು. ನವಾಯತರು ಕೊಂಕಣಿಯ ತಳಹದಿಯ ಮೇಲೆ ಅರಬ್ಬಿ, ಪಾರಸಿ ಪದಗಳು ಬೆರೆತ ನವಾಯತಿ ಭಾಷೆಯನ್ನಾಡುತ್ತಾರೆ. ಮನೆಯ ಭಾಗಗಳು, ಮದುವೆಯ ವಿಧಿಗಳು, ಅಡುಗೆಯ ಸಾಮಾನುಗಳಿಗೆ ಸಂಬಂಧಿಸಿದ ಪದಸಂಪತ್ತು ಈ ಮನೆಗಳ ಜೊತೆಗೆ ಹೆಣೆದುಕೊಂಡಿದೆ. ಕೋಣೆ ಇಲ್ಲವಾದಾಗ ಕೋಣೆಯ ಹೆಸರೂ, ಅಲ್ಲಿ ಹಾಡುತ್ತಿದ್ದ ಹಾಡಿನ ಸಂದರ್ಭವೂ ಇಲ್ಲವಾಗುತ್ತದೆ.

ಕೊಲ್ಲಿ ರಾಷ್ಟ್ರಗಳ ದುಡಿಮೆ, ಕೂಡುಕುಟುಂಬಗಳ ವಿಭಜನೆ, ಹೆದ್ದಾರಿಯ ಬದಿಯ ಹೊಸ ಬಡಾವಣೆಗಳ ಆಕರ್ಷಣೆ ಇವು ಹಳೆಯ ಮನೆಗಳು ಖಾಲಿಯಾಗಲು ಮುಖ್ಯ ಕಾರಣಗಳು. ಮಳೆನಾಡಿನಲ್ಲಿ ಹೆಂಚಿನ ಮಾಡಿಗೆ ಪ್ರತಿವರ್ಷ ಕೈಯಾಡಿಸಬೇಕು. ಎರಡು ಮಳೆಗಾಲ ಅಲಕ್ಷ್ಯವಾದರೆ ಜಂತಿ ಕೊಳೆತು ಗೋಡೆ ನೆನೆಯತೊಡಗುತ್ತದೆ. ಮನೆಯವರು ಅದನ್ನು ಕೆಡವಿ ಕಾಂಕ್ರೀಟಿನ ಕಟ್ಟಡ ಕಟ್ಟುವುದನ್ನು ಕೇವಲ ಪರಂಪರೆಯ ಅವಜ್ಞೆ ಎಂದು ದೂರುವುದು ನ್ಯಾಯವಲ್ಲ. ದುರಸ್ತಿಗೆ ಬೇಕಾದ ಬಡಗಿ, ಕಲ್ಲುಕುಟಿಗರೂ ವಿರಳವಾಗುತ್ತಿದ್ದಾರೆ.

ನಗರಬಸ್ತಿಕೇರಿಯ ಪಾಠ

ಪೇಟೆ ಅಳಿದು ಕಟ್ಟಡ ಮಾತ್ರ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಹೊನ್ನಾವರ ತಾಲೂಕಿನ ಗೇರುಸೊಪ್ಪೆಯೇ ಸಾಕ್ಷಿ. ಕಾಳುಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ರಾಜಧಾನಿಯಾಗಿದ್ದ ಈ ನಗರವನ್ನು 1623ರಲ್ಲಿ ಕಂಡ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ಅದು ಆಗಲೇ ಪಾಳುಬಿದ್ದು ಗಿಡಮರಗಳು ಬೆಳೆದಿದ್ದ ಸ್ಥಿತಿಯನ್ನು ವರ್ಣಿಸಿದ್ದಾನೆ. ಇಂದು ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಆ ಕಟ್ಟಡಕ್ಕೆ ನಾಲ್ಕು ದಿಕ್ಕಿನಿಂದ ಜನರನ್ನು ಕರೆತರುತ್ತಿದ್ದ ಬೀದಿಗಳು ಇಲ್ಲ. ಆ ಊರಿನ ಹೆಸರು ಮಾತ್ರ 'ನಗರಬಸ್ತಿಕೇರಿ'. ನಗರ, ಬಸ್ತಿ, ಕೇರಿ ಎಂಬ ಮೂರೂ ಪದಗಳನ್ನು ಜನರ ನಾಲಗೆ ಕಾಪಾಡಿಕೊಂಡಿದೆ. ನೆಲದ ಮೇಲೆ ಅವುಗಳಲ್ಲಿ ಬಸ್ತಿ ಮಾತ್ರ ಪೂರ್ಣವಾಗಿ ಉಳಿದಿದೆ.

ಕುಮಟೆಯ ಕಥೆ ಇನ್ನೊಂದು ಬಗೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯನ್ನು ಹೊರಸಾಗಿಸುತ್ತಿದ್ದ ಈ ಬಂದರಿನ ವಹಿವಾಟು, ಮರ್ಮಗೋವಾ ರೈಲುಮಾರ್ಗವು ತೆರೆದ ಮೇಲೆ ಇಳಿಮುಖವಾಯಿತು. ಆರ್ಥಿಕ ಕಾರಣವೊಂದು ಪೇಟೆಯನ್ನು ಕಟ್ಟುವಂತೆ ಬರಿದು ಮಾಡಲೂಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಕಾನೂನಿನ ವ್ಯಾಪ್ತಿ ಮತ್ತು ಮಿತಿ

ಪ್ರಾಚೀನ ಸ್ಮಾರಕಗಳ ಕುರಿತ 1958ರ ಕೇಂದ್ರ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ, ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ ಹಾಗೂ ಅದರಾಚೆ 200 ಮೀಟರ್ ನಿಯಂತ್ರಿತ ವಲಯವಾಗಿರುತ್ತದೆ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ದುರಸ್ತಿಗೆ ಅನುಮತಿ ಬೇಕು. ಇದರಿಂದ ಸ್ಮಾರಕದ ನೋಟಕ್ಕೆ ರಕ್ಷಣೆ ದೊರೆತಿದೆ. ಆದರೆ ಒತ್ತೊತ್ತಾಗಿ ಮನೆಗಳಿರುವ ಪೇಟೆಯಲ್ಲಿ ನೆರೆಯ ನಿವಾಸಿಗೆ ಸ್ಮಾರಕವು ಹೆಮ್ಮೆಗಿಂತ ಹೊರೆಯಾಗಿ ತೋರುವ ಸಂಭವವೂ ಇದೆ. ಉದ್ಯಾನ ಮತ್ತು ಬಯಲುಗಳ ರಕ್ಷಣೆಗಾಗಿ ಕರ್ನಾಟಕದಲ್ಲಿ 1975 ಮತ್ತು 1985ರ ಕಾಯಿದೆಗಳಿವೆ. ಉದ್ಯಾನ, ಆಟದ ಬಯಲುಗಳನ್ನು ಗಮನದಲ್ಲಿಟ್ಟುಕೊಂಡು ರೂಪುಗೊಂಡ ಇವುಗಳ ಕಣ್ಣಿಗೆ ವರ್ಷಕ್ಕೊಮ್ಮೆ ಮಾತ್ರ ಜೀವ ತಳೆಯುವ ಮೆರವಣಿಗೆಯ ದಾರಿ ಅಥವಾ ದೈವದ ಕಟ್ಟೆ ಬೀಳುವುದು ಕಷ್ಟ. ಅಮೂರ್ತ ಪರಂಪರೆಯ ರಕ್ಷಣೆಗಾಗಿ ಯುನೆಸ್ಕೋ 2003ರಲ್ಲಿ ಅಂಗೀಕರಿಸಿದ, ಭಾರತವು 2005ರಲ್ಲಿ ಅನುಮೋದಿಸಿದ ಒಡಂಬಡಿಕೆಯು ಆಚರಣೆಗಳೊಂದಿಗೆ ಅವು ನಡೆಯುವ ಸಾಂಸ್ಕೃತಿಕ ತಾಣಗಳನ್ನೂ ಪರಂಪರೆಯೆಂದು ಪರಿಗಣಿಸಿದೆ. ಈ ನೋಟವನ್ನು ಪಟ್ಟಣದ ಮಟ್ಟಕ್ಕೆ ಇಳಿಸುವ ಕೆಲಸ ಆಗಬೇಕಿದೆ.

ಆಗಬೇಕಾದ ಕಾರ್ಯ

ಮೊದಲನೆಯದಾಗಿ, ತೇರು, ಪಲ್ಲಕ್ಕಿ, ಮಾರಿ ಹಾಗೂ ಇತರ ಎಲ್ಲ ಸಮುದಾಯಗಳ ಮೆರವಣಿಗೆಯ ದಾರಿಗಳನ್ನು, ನಿಲುಗಡೆಯ ಕಟ್ಟೆಗಳನ್ನು ಆಯಾ ಕೇರಿಯ ಹಿರಿಯರ ಹೇಳಿಕೆಯೊಂದಿಗೆ ನಕಾಶೆಯಲ್ಲಿ ಗುರುತಿಸಬೇಕು. ಎರಡನೆಯದಾಗಿ, ಬೀದಿ, ಬಾವಿ, ಕೆರೆ, ಹೊಳೆಯ ಕಡವುಗಳ ಸ್ಥಳೀಯ ಹೆಸರುಗಳನ್ನು ಕನ್ನಡ, ಕೊಂಕಣಿ, ನವಾಯತಿ ಮೂರರಲ್ಲಿಯೂ ಸಂಗ್ರಹಿಸಬೇಕು. 2022ರ ಆಗಸ್ಟ್ ಮೊದಲ ವಾರ ಒಂದೇ ದಿನದಲ್ಲಿ 500 ಮಿಲಿಮೀಟರಿಗೂ ಮಿಕ್ಕಿದ ಮಳೆಗೆ ಭಟ್ಕಳ ಜಲಾವೃತವಾದುದನ್ನು ನೆನೆದರೆ, ನೀರಿನ ಹಳೆಯ ದಾರಿಗಳ ಹೆಸರು ತಿಳಿದಿರುವುದು ಬರಿಯ ಪಾಂಡಿತ್ಯದ ವಿಷಯವಲ್ಲವೆಂಬುದು ಮನವರಿಕೆಯಾಗುತ್ತದೆ. ಮೂರನೆಯದಾಗಿ, ವಾಸದ ಮನೆಗಳ ಅಳತೆ, ಪರಿಭಾಷೆ, ಕಟ್ಟುವ ವಿಧಾನಗಳನ್ನು ಅವು ಕೆಡವಲ್ಪಡುವ ಮೊದಲೇ ದಾಖಲಿಸಬೇಕು. ನಾಲ್ಕನೆಯದಾಗಿ, ದುರಸ್ತಿ ಮಾಡಿಕೊಂಡು ವಾಸಿಸುವವರಿಗೆ ಅನುಮತಿಯ ಸರಳತೆ ಮತ್ತು ಕುಶಲಕರ್ಮಿಗಳ ನೆರವು ದೊರೆಯಬೇಕು.

ಇಂಥ ದಾಖಲೀಕರಣದಲ್ಲಿ ಎಚ್ಚರವೂ ಅಗತ್ಯ. ಒಂದು ಕಾಲದ ವಾಡಿಕೆಯನ್ನು ಬರಹಕ್ಕಿಳಿಸಿದಾಗ ಅದು ಹಕ್ಕುಪತ್ರವಾಗಿ ಮಾರ್ಪಟ್ಟು ವಿವಾದಕ್ಕೆ ಎಡೆಮಾಡಬಹುದು. ಆದುದರಿಂದ ಒಂದು ಸಮುದಾಯದ ಹೇಳಿಕೆಯನ್ನು ಮತ್ತೊಂದರ ಹೇಳಿಕೆಯೊಂದಿಗೆ ಇಟ್ಟು ನೋಡುವುದು, ಭಿನ್ನ ಪಾಠಗಳಿದ್ದಲ್ಲಿ ಅವೆಲ್ಲವನ್ನೂ ಉಳಿಸಿಕೊಳ್ಳುವುದು ಕ್ಷೇತ್ರಕಾರ್ಯದ ಶಿಸ್ತಾಗಬೇಕು. ಜಾನಪದ ಅಧ್ಯಯನಕ್ಕೆ ಪಾಠಾಂತರಗಳು ದೋಷಗಳಲ್ಲ, ಅವು ಸಮಾಜದ ಬಹುದನಿಯ ಕುರುಹುಗಳು.

ಒಟ್ಟಿನಲ್ಲಿ, ಭಟ್ಕಳದ ಹಳೆಯ ಪೇಟೆಯಲ್ಲಿ ಸಂರಕ್ಷಿಸಬೇಕಾದುದು ಕಲ್ಲಿನ ಕಟ್ಟಡಗಳನ್ನಷ್ಟೇ ಅಲ್ಲ, ಅವುಗಳ ನಡುವಿನ ನಡೆದಾಟವನ್ನು ಕೂಡ. ಬೇಲಿ ಹಾಕಿ ಕಟ್ಟಡವನ್ನು ಉಳಿಸಬಹುದು. ಬೀದಿಯನ್ನು ಉಳಿಸಲು ಅದರಲ್ಲಿ ನಡೆಯುವವರೇ ಬೇಕು. ದೇವಸ್ಥಾನದಿಂದ ನೆರೆಯವರ ಜಗಲಿಗೆ ಆಮಂತ್ರಣ ಹೋಗುವಷ್ಟು ಕಾಲ ಆ ಎರಡರ ನಡುವಣ ಬೀದಿಯು ಸ್ಮಾರಕವಾಗದೆ ಬೀದಿಯಾಗಿಯೇ ಉಳಿಯುತ್ತದೆ.